ಕಿರ್ದಿ ಪುಸ್ತಕ ಮುಚ್ಚುವ ದಿನ

ಖರೀದಿ, ದಾಸ್ತಾನು, ಬಿಲ್ಲು, ವಸೂಲಿ, ಸಂಬಳ ಇವೆಲ್ಲದರ ಲೆಕ್ಕವನ್ನು ಒಂದೇ ಕಡೆ ಇಡುವ ವ್ಯವಹಾರ ನಿರ್ವಹಣಾ ತಂತ್ರಾಂಶವು ಬೆಂಗಳೂರಿನ ಸುಬ್ರಹ್ಮಣ್ಯಪುರದಂತಹ ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೂ ವರ್ಕ್‌ಶಾಪಿಗೂ ಈಗ ಬೇಕಾದರೆ ಉಂಟು, ಬೇಡವಾದರೆ ಇಲ್ಲ ಎನ್ನುವಂತಹ ವಸ್ತುವಾಗಿ ಉಳಿದಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು ತೆರಿಗೆಯ ವಿವರಗಳು ಆನ್‌ಲೈನಿನಲ್ಲಿ ಸಲ್ಲಿಕೆಯಾಗತೊಡಗಿದವು. 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ನೋಂದಾಯಿಸುವ ಕ್ರಮ, ಅಂದರೆ ಇ-ಇನ್‌ವಾಯ್ಸ್, ಕಡ್ಡಾಯವಾಯಿತು.

ಈ ಕ್ಷೇತ್ರದ ಅತ್ಯಂತ ಪರಿಚಿತ ಹೆಸರಾದ ಟ್ಯಾಲಿ ಬೆಂಗಳೂರಿನದೇ. ಜವಳಿ ಗಿರಣಿಗಳಿಗೆ ಸಾಮಗ್ರಿ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ಒಪ್ಪುವ ಲೆಕ್ಕದ ತಂತ್ರಾಂಶ ಸಿಗದೆ, ಮಗ ಭರತ್ ಗೋಯೆಂಕಾ ಅದನ್ನು ತಾವೇ ಬರೆದರು. 1986ರಲ್ಲಿ ಸಂಸ್ಥೆ ಹುಟ್ಟಿತು. ವ್ಯಾಪಾರಿಯ ನಿತ್ಯದ ತೊಡಕಿನಿಂದ ಹೊರಟ ಈ ಮಾರ್ಗವೇ ಕೊಳ್ಳುವವರಿಗೂ ತಕ್ಕದ್ದು. ಮಾರಾಟಗಾರರು ಪ್ರದರ್ಶನದಲ್ಲಿ ತೋರಿಸುವ ಬಿಲ್ಲುಗಳು ಸಾಮಾನ್ಯವಾಗಿ ಸರಳವಾಗಿರುತ್ತವೆ; ತೂಕದಲ್ಲಿ ಕೊಂಡು ತುಂಡಿನ ಲೆಕ್ಕದಲ್ಲಿ ಮಾರಿದ ಕಬ್ಬಿಣ, ಅರ್ಧ ವಾಪಸಾದ ಸರಕು, ಕಂತಿನಲ್ಲಿ ಬಂದ ಬಾಕಿ ಇವುಗಳ ಹಳೆಯ ಕಾಗದಗಳನ್ನೇ ಮುಂದಿಟ್ಟು ನಮೂದಿಸಿ ನೋಡಿದಾಗ ಮಾತ್ರ ತಂತ್ರಾಂಶದ ಯೋಗ್ಯತೆ ತಿಳಿಯುತ್ತದೆ.

ಆದರೆ ಆಯ್ಕೆ ಸರಿಯಾದ ಮಾತ್ರಕ್ಕೆ ಅಳವಡಿಕೆ ಗೆಲ್ಲುವುದಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿರುವ ದೊಡ್ಡ ನಿದರ್ಶನ ಅಂಗಡಿಯದಲ್ಲ, ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯದು. ಜಮೀನಿನ ಒಡೆತನ, ಬೆಳೆ ಮುಂತಾದ ವಿವರಗಳುಳ್ಳ ಪಹಣಿಯನ್ನು ಗಣಕಕ್ಕೆ ತರುವ ಯತ್ನ 1990ರ ದಶಕದಲ್ಲೇ ನಡೆದಿತ್ತು. ವಿವರಗಳು ಯಂತ್ರ ಸೇರಿದವಾದರೂ ಆನಂತರದ ಖಾತೆ ಬದಲಾವಣೆಗಳು ಕಾಗದದಲ್ಲೇ ಮುಂದುವರಿದುದರಿಂದ ಗಣಕದ ಪ್ರತಿ ಬೇಗನೆ ಹಳಸಿತು. 2000ದ ಸುಮಾರಿಗೆ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ನಡೆದ ಎರಡನೆಯ ಯತ್ನದಲ್ಲಿ, ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ನಮೂದಿಸಿದ ಮೇಲೆ ಅವುಗಳ ಮುದ್ರಿತ ಪ್ರತಿಗಳನ್ನು ಗ್ರಾಮ ಲೆಕ್ಕಿಗರಿಗೇ ಕೊಟ್ಟು ತಪ್ಪು ತಿದ್ದಿಸಲಾಯಿತು. ಬೆರಳಚ್ಚು ನೀಡಿದ ಸಿಬ್ಬಂದಿಗೆ ಮಾತ್ರ ವ್ಯವಸ್ಥೆಯೊಳಗೆ ಪ್ರವೇಶವಿತ್ತು. ಇವೆಲ್ಲಕ್ಕಿಂತ ನಿರ್ಣಾಯಕವಾಗಿ, ಒಂದೊಂದೇ ತಾಲ್ಲೂಕಿನಲ್ಲಿ ಕೇಂದ್ರ ತೆರೆದಂತೆ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಮಾಡಲಾಯಿತು. ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ರೈತರು ತಾಲ್ಲೂಕು ಕಚೇರಿಗೆ ಹೋಗಬೇಕಾದುದು ಇದರ ಇನ್ನೊಂದು ಮುಖ, ಅದನ್ನು ಮರೆಯುವಂತಿಲ್ಲ. ಆದರೂ ಹಿಂತಿರುಗುವ ದಾರಿ ಮುಚ್ಚಿದುದರಿಂದಲೇ ಹೊಸ ವ್ಯವಸ್ಥೆ ನಿಂತಿತು ಎನ್ನಬೇಕು.

ಅಂಗಡಿಗಳಲ್ಲಿ ನಡೆಯುವುದು ಇದರ ಕಿರು ರೂಪ. ಗುಮಾಸ್ತರು ಕಿರ್ದಿಯಲ್ಲಿ ಬರೆದು, ಬಿಡುವಾದಾಗ ಗಣಕಕ್ಕೆ ಏರಿಸುವ ಪದ್ಧತಿ ಉಳಿದಿರುವವರೆಗೆ ಎರಡೂ ಲೆಕ್ಕಗಳು ತಾಳೆಯಾಗುವುದಿಲ್ಲ, ಮಾಲೀಕರು ನಂಬುವುದು ಪುಸ್ತಕವನ್ನೇ. ಒಂದೇ ಸರಕು ಮೂರು ಹೆಸರಿನಲ್ಲಿ ದಾಖಲಾಗಿದ್ದರೆ ಅದನ್ನು ಮೊದಲೇ ಒಂದಾಗಿಸಿ, ಗೋದಾಮಿನಲ್ಲಿ ಎಣಿಸಿದ ದಾಸ್ತಾನನ್ನೂ ಗಿರಾಕಿಗಳು ಒಪ್ಪಿದ ಬಾಕಿಯನ್ನೂ ಆರಂಭ ಶಿಲ್ಕಾಗಿ ನಮೂದಿಸಿ, ಕೆಲವು ವಾರ ಎರಡನ್ನೂ ಹೋಲಿಸಿ ನೋಡಿದ ಬಳಿಕ ಪುಸ್ತಕವನ್ನು ನಿಲ್ಲಿಸುವ ದಿನಾಂಕವನ್ನು ಮಾಲೀಕರೇ ಘೋಷಿಸಬೇಕಾಗುತ್ತದೆ. ಆ ದಿನವನ್ನು ವ್ಯಾಪಾರದ ಭರಾಟೆಗೆ ಹೊಂದಿಸಬಾರದು: ಅಮೆರಿಕದ ಚಾಕೊಲೇಟ್ ಸಂಸ್ಥೆ ಹರ್ಷೀಸ್ 1999ರ ಜುಲೈಯಲ್ಲಿ ಹೊಸ ವ್ಯವಸ್ಥೆಗೆ ಬದಲಾಗಿ, ಅಕ್ಟೋಬರಿನ ಹ್ಯಾಲೋವೀನ್ ಹಬ್ಬದ ಬೇಡಿಕೆಯಲ್ಲಿ ಸುಮಾರು 10 ಕೋಟಿ ಡಾಲರಿನ ಸರಕನ್ನು ಪೂರೈಸಲಾಗದೆ ಹೋಯಿತು. ಹಬ್ಬದ ವ್ಯಾಪಾರ ಇಲ್ಲದ, ಹಿಂದಿನ ವರ್ಷದ ಲೆಕ್ಕ ಮುಗಿದು ಹೊಸದು ತೆರೆಯುವ ಏಪ್ರಿಲ್ 1 ಬಹುಪಾಲು ಅಂಗಡಿಗಳಿಗೆ ಒಗ್ಗುವ ದಿನ; ಯುಗಾದಿಯ ಬಟ್ಟೆ ವ್ಯಾಪಾರಿಗಳು ಮಾತ್ರ ಪಂಚಾಂಗ ನೋಡಿಕೊಳ್ಳಬೇಕು.