ನಿಮಗಿದು ಗೊತ್ತೆ? ಕಂಪ್ಯೂಟರ್ ಆಟ, ಕನ್ಸೋಲ್ ಆಟ

ವಿಡಿಯೊ ಗೇಮ್ ಆಡಲು ಕಂಪ್ಯೂಟರ್ ಮೇಲೋ, ಕನ್ಸೋಲ್ ಮೇಲೋ? ಈ ವಾದ ಇನ್ನೂ ಮುಗಿದಿಲ್ಲ. ಎರಡರ ಬಗೆಗೂ ಕೆಲವು ಸ್ವಾರಸ್ಯಗಳು ಇಲ್ಲಿವೆ.

● ವಯಸ್ಸಿನಲ್ಲಿ ಕಂಪ್ಯೂಟರ್ ಆಟವೇ ಹಿರಿಯದು. ಅಮೆರಿಕದ ಎಂಐಟಿಯಲ್ಲಿ ಪಿಡಿಪಿ-1 ಕಂಪ್ಯೂಟರಿಗಾಗಿ ‘ಸ್ಪೇಸ್‌ವಾರ್’ ಆಟ 1962ರಲ್ಲೇ ಸಿದ್ಧವಾಗಿತ್ತು. ಯಂತ್ರದ ಸ್ವಿಚ್ಚುಗಳನ್ನು ಒತ್ತಿ ಆಡುವುದು ತ್ರಾಸವಾದ್ದರಿಂದ ಅಲ್ಲಿನವರು ಕೈಯಲ್ಲಿ ಹಿಡಿದು ಆಡಿಸುವ ಪೆಟ್ಟಿಗೆಗಳನ್ನು ತಾವೇ ಮಾಡಿಕೊಂಡರು.

● ಮನೆಯ ಟಿವಿಗೆ ಜೋಡಿಸುವ ಮೊದಲ ಕನ್ಸೋಲ್ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಬಂದದ್ದು 1972ರಲ್ಲಿ. ರಾಲ್ಫ್ ಬೇರ್ ಇದರ ಜನಕ. ಇದಕ್ಕೆ ಸದ್ದೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಪರದೆಯ ಮೇಲೆ ಬಿಳಿ ಚುಕ್ಕೆ, ಗೆರೆ ಅಷ್ಟೆ. ಆಟದ ಅಂಕಣ ಕಾಣಬೇಕೆಂದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಬೇಕು. ಅಂಕಗಳ ಲೆಕ್ಕವನ್ನೂ ಆಟಗಾರರೇ ಇಡಬೇಕು!

● 2001ರಲ್ಲಿ ಬಂದ ಮೈಕ್ರೊಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಒಳಗೆ ಕಂಪ್ಯೂಟರಿನಂತೆಯೇ ಇಂಟೆಲ್ ಪ್ರೊಸೆಸರ್, ಹಾರ್ಡ್‌ಡಿಸ್ಕ್ ಇದ್ದವು.

● 2010ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧನಾಲಯ 1,760 ಪ್ಲೇಸ್ಟೇಷನ್-3 ಕನ್ಸೋಲುಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರನ್ನೇ ಕಟ್ಟಿತು.

● ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಬದಲಿಸಿ ಶಕ್ತಿ ಹೆಚ್ಚಿಸಬಹುದು. ಕನ್ಸೋಲಿನಲ್ಲಿ ಆ ಸೌಲಭ್ಯವಿಲ್ಲ. ಆದರೆ ಒಂದು ಮಾದರಿಯ ಕನ್ಸೋಲುಗಳ ಒಳಭಾಗ ಬಹುತೇಕ ಒಂದೇ ಆಗಿರುವುದರಿಂದ, ಆಟ ರೂಪಿಸುವವರು ಅದಕ್ಕೆ ತಕ್ಕಂತೆ ಹದಗೊಳಿಸುವುದು ಸುಲಭ.

ಬಿಚ್ಚಿ ಜೋಡಿಸುವ ಆಸೆಯಿದ್ದವರಿಗೆ ಕಂಪ್ಯೂಟರ್, ಗುಂಡಿ ಒತ್ತಿ ಕೂಡಲೇ ಆಡುವವರಿಗೆ ಕನ್ಸೋಲ್ ಸರಿ.