ಗಡಿಯ ಪಾಠ

ಗಡಿವಿವಾದದಂತಹ ಕಲಹದ ವಿಷಯವನ್ನು ಎಳೆಯ ಬಾಲಿಕೆಯರಿಗೆ ಏತಕ್ಕೆ ಬೋಧಿಸುವಿರೆಂದು ತಾಯಿತಂದೆಗಳು ಆಗಾಗ ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತುಗಳನ್ನು ಬರೆದಿರುವೆನು.

ಪಾಠವನ್ನು ನಮ್ಮ ರಾಜಘಟ್ಟದಿಂದಲೇ ಆರಂಭಿಸುತ್ತೇವೆ. 1986ರಲ್ಲಿ ಬೆಂಗಳೂರು ಜಿಲ್ಲೆಯು ಎರಡಾದಾಗ ದೊಡ್ಡಬಳ್ಳಾಪುರ ತಾಲ್ಲೂಕು ಗ್ರಾಮಾಂತರ ಜಿಲ್ಲೆಗೆ ಸೇರಿತು. ಇಲ್ಲಿಯ ಒಂದು ಹೊಲವಾದರೂ ಕದಲಲಿಲ್ಲ. ಕಾಗದಪತ್ರಗಳಲ್ಲಿ ಜಿಲ್ಲೆಯ ಹೆಸರು ಮಾತ್ರ ಬದಲಾಯಿತು. ಗಡಿಯೆಂಬುದು ಮನುಷ್ಯರು ಎಳೆದ ರೇಖೆಯೆಂದು ಮಕ್ಕಳು ಇದರಿಂದ ತಿಳಿಯುವರು.

ಆಂಗ್ಲರ ಕಾಲದಲ್ಲಿ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಮೊದಲಾದ ಆಡಳಿತಗಳಲ್ಲಿ ಹಂಚಿಹೋಗಿದ್ದರಷ್ಟೆ. 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗದ ವರದಿಯ ತರುವಾಯ, 1956ರ ನವೆಂಬರ್ 1ರಂದು ಅವರಲ್ಲಿ ಬಹುಮಂದಿ ಒಂದೇ ರಾಜ್ಯಕ್ಕೆ ಸೇರಿದರು. ಆದರೆ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಬೆಳಗಾವಿಯು ತಮಗೆ ಬರಬೇಕೆಂದು ಮರಾಠಿಗರು ಬೇಡಿದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನು ಒಪ್ಪಿಸಿ, ಬೆಳಗಾವಿಯು ಮೈಸೂರಿನಲ್ಲಿಯೇ ಉಳಿಯಲೆಂದೂ, ಚಂದ್ರಗಿರಿ ಹೊಳೆಯ ಉತ್ತರಭಾಗವು ಮೈಸೂರಿಗೆ ಸೇರಲೆಂದೂ ಹೇಳಿತು. ಅದು ಕಾರ್ಯಗತವಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು.

ಇಡೀ ತಾಲ್ಲೂಕನ್ನು ಎಣಿಸಿದರೆ ಒಂದು ತೀರ್ಪು, ಹೊಳೆಯನ್ನು ಎಲ್ಲೆಯಾಗಿ ಹಿಡಿದರೆ ಇನ್ನೊಂದು, ಹಳ್ಳಿಹಳ್ಳಿಯನ್ನೇ ಎಣಿಸಿದರೆ ಮತ್ತೊಂದು. ಹೇಗೆ ಎಳೆದರೂ ಕೆಲವರು ರೇಖೆಯ ಆಚೆಗೆ ಉಳಿಯುವರು. ಆದುದರಿಂದಲೇ 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಲಾಯಿತು.

ಈ ಪಾಠದಲ್ಲಿ ಒಮ್ಮೆ ನಾನೇ ಎಡವಿದೆನು. "ನಮ್ಮವರು", "ಅವರು" ಎಂದು ನಾನು ಉತ್ಸಾಹದಿಂದ ವಿವರಿಸುತ್ತಿರಲು, ನೇಕಾರರ ಮನೆಯ ಬಾಲಿಕೆಯೊಬ್ಬಳು ಎದ್ದು, "ಅಮ್ಮಾ, ನಮ್ಮ ಮನೆಯಲ್ಲಿ ತೆಲುಗು ಆಡುತ್ತೇವೆ. ನಾನು ಯಾರವಳು?" ಎಂದು ಕೇಳಿದಳು. ನನ್ನ ಬಾಯಿ ಕಟ್ಟಿತು.

ಅಂದಿನಿಂದ ಪ್ರತಿಯೊಬ್ಬ ವಿದ್ಯಾರ್ಥಿನಿಯಿಂದಲೂ ಎರಡು ಪತ್ರಗಳನ್ನು ಬರೆಯಿಸುತ್ತಿರುವೆನು. ಒಂದು, ಕಾಸರಗೋಡಿನ ಕನ್ನಡ ತಾಯಿಯು ಬರೆದಂತೆ; ಇನ್ನೊಂದು, ಬೆಳಗಾವಿಯ ಮರಾಠಿ ತಾಯಿಯು ಬರೆದಂತೆ. ಮಗುವಿಗೆ ತನ್ನ ನುಡಿಯ ಶಾಲೆ ಬೇಕು, ಕಚೇರಿಯ ಕಾಗದವು ಓದಲು ತಿಳಿಯುವಂತಿರಬೇಕು: ಎರಡರಲ್ಲಿಯೂ ಬೇಡಿಕೆ ಒಂದೇ ಎಂದು ಅವರೇ ಕಂಡುಕೊಳ್ಳುವರು.

ಕನ್ನಡದ ಅಭಿಮಾನವು ಇದರಿಂದ ಕುಂದದು. ನಮಗೆ ಬೇಕಾದ ನ್ಯಾಯವನ್ನು ನೆರೆಯವರಿಗೂ ಬಯಸುವುದನ್ನು ಕಲಿತ ಮಗಳು ಮನೆಗೆ ಬಂದು ಈ ವಿಷಯವನ್ನೆತ್ತಿದರೆ, ತಾಯಿತಂದೆಗಳು ಅವಳನ್ನು ಗದರಿಸದೆ ಆ ಎರಡು ಪತ್ರಗಳನ್ನೂ ಓದಿಸಿ ಕೇಳಬೇಕೆಂದು ಬೇಡಿಕೊಳ್ಳುವೆನು.