ಹಿತ್ತಲ ನೆರಳಿನಲ್ಲಿ ದುಂಬಿಗಳಿಗೊಂದು ದಾಸೋಹ

ಬೆಳಗಿನ ಇಷ್ಟಲಿಂಗ ಪೂಜೆಗೆ ಹಿತ್ತಲಿನಿಂದ ಪತ್ರೆ-ಪುಷ್ಪಗಳನ್ನು ತರುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಹೂವನ್ನು ಒದಗಿಸುವುದನ್ನೇ ಕಾಯಕವಾಗಿಸಿಕೊಂಡ ಹೂಗಾರ ಮಾದಯ್ಯನವರನ್ನು ಶರಣರ ಸಾಲಿನಲ್ಲಿ ಸ್ಮರಿಸುವ ಸಮಾಜ ನಮ್ಮದು. ಆದರೆ ಆ ಹೂವಿಗೆ ನಮಗಿಂತ ಮೊದಲಿನ ಹಕ್ಕುದಾರರಿದ್ದಾರೆ ಎಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಜೇನುನೊಣ, ದುಂಬಿ, ಚಿಟ್ಟೆಗಳಿಗೆ ಹೂವು ಅಲಂಕಾರವಲ್ಲ; ಅನ್ನ.

ಉಂಡ ಅನ್ನದ ಋಣವನ್ನು ಈ ಜೀವಿಗಳು ಉಳಿಸಿಕೊಳ್ಳುವುದಿಲ್ಲ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಜೇನುನೊಣವು ಪರಾಗವನ್ನು ಹೊತ್ತು ತಾರದಿದ್ದರೆ ಹೀಚು ಕೊಳೆತು ಉದುರುತ್ತದೆ. ಬದನೆಯ ಹೂವಿನಲ್ಲಿ ಪರಾಗವು ಸಣ್ಣ ರಂಧ್ರದೊಳಗೆ ಅಡಗಿರುತ್ತದೆ. ಮರ ಕೊರೆಯುವ ಕಪ್ಪು ದುಂಬಿಯೋ ನೀಲಿ ಪಟ್ಟೆಯ ಒಂಟಿ ಜೇನುನೊಣವೋ ಹೂವನ್ನು ಹಿಡಿದು ಝೇಂಕರಿಸಿ ನಡುಗಿಸಿದಾಗ ಅದು ಚೆನ್ನಾಗಿ ಹೊರಬೀಳುತ್ತದೆ. ಬಯಲುಸೀಮೆಯ ಸೂರ್ಯಕಾಂತಿಗೂ ಮಲೆನಾಡಿನ ಏಲಕ್ಕಿಗೂ ಜೇನಿನ ನೆರವು ಬೇಕೇ ಬೇಕು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಜೇನನ್ನು ಬಹುಮಟ್ಟಿಗೆ ನಾಶಮಾಡಿದಾಗ ಪೆಟ್ಟಿಗೆಗಳು ಬರಿದಾಗಿ, ಜೇನು ಸಾಕಣೆಯನ್ನೇ ನಂಬಿದ್ದ ಕುಟುಂಬಗಳು ಕಂಗೆಟ್ಟವು. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಹಸಿವನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಇಂದಿನ ಅಂಗಳಗಳು ಈ ಜೀವಿಗಳ ಪಾಲಿಗೆ ಬರಗಾಲದ ನೆಲವಾಗುತ್ತಿವೆ. ಒಂದು ಕಡೆ ಸಿಮೆಂಟಿನ ಹಾಸು, ಇನ್ನೊಂದು ಕಡೆ ನೋಟಕ್ಕೆ ಮಾತ್ರ ಚೆಲುವಾದ ಹೂಗಿಡಗಳು. ಎಸಳುಗಳು ಒತ್ತೊತ್ತಾಗಿ ತುಂಬಿದ ದಾಸವಾಳದಂತಹ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ದುಂಬಿಗೆ ದಕ್ಕುವ ಪರಾಗ ಬಹಳ ಕಡಿಮೆ. ಇನ್ನು ಪೇಟೆಯ ಮನೆಗಳಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿಯುವ ಕಿರಿದಾದ ನೆಲವನ್ನು, ಹಳ್ಳಿಗಳಲ್ಲಿ ಮಾವು-ತೆಂಗುಗಳ ಬುಡವನ್ನು, ಬಿಸಿಲು ಸಾಲದೆಂಬ ಕಾರಣಕ್ಕೆ ನಾವು ಬರಿದೇ ಬಿಡುತ್ತೇವೆ. ದಿನಕ್ಕೆ ಮೂರು-ನಾಲ್ಕು ಗಂಟೆಗಳ ಎಳೆಬಿಸಿಲು ಬೀಳುವ ಇಂತಹ ಜಾಗವೇ ನಮ್ಮ ನಾಡಿನ ಅನೇಕ ಗಿಡಗಳಿಗೆ ಒಗ್ಗುವ ನೆಲೆ. ಕಾಡಿನ ಮರಗಳ ಅಡಿಯಲ್ಲಿ, ಬೇಲಿಯ ಮಗ್ಗುಲಲ್ಲಿ ಬೆಳೆದುಬಂದ ಅವು ಒಮ್ಮೆ ಬೇರೂರಿದರೆ ವರ್ಷಾನುಗಟ್ಟಲೆ ಬಾಳುತ್ತವೆ.

ಇವುಗಳಲ್ಲಿ ಮೊದಲು ಹೇಳಬೇಕಾದುದು ಕನಕಾಂಬರ, ಅಂದರೆ ಅಬ್ಬಲಿಗೆ. ತಾಯಂದಿರ ಮುಡಿಗೂ ಚಿಟ್ಟೆಗಳ ಹೊಟ್ಟೆಗೂ ಒದಗುವ ಈ ಗಿಡ ಅರೆನೆರಳಿನಲ್ಲಿ ಸೊಂಪಾಗಿ ಬರುತ್ತದೆ. ಕೆಮ್ಮಿನ ಮನೆಮದ್ದಾಗಿ ಹಿರಿಯರು ಬಲ್ಲ ಆಡುಸೋಗೆಯ ಬಿಳಿಯ ಹೂಗಳಿಗೆ ದುಂಬಿಗಳು ಮುತ್ತಿಕೊಳ್ಳುತ್ತವೆ. ದನಕರುಗಳು ಅದನ್ನು ಮೇಯುವುದಿಲ್ಲವಾದ್ದರಿಂದ ಬೇಲಿಗೂ ಆಯಿತು. ಮುಳ್ಳುಗೋರಂಟಿಯ ಹಳದಿ ಹೂಗಳು ಮಳೆಗಾಲ ಮುಗಿದು ಇತರ ಹೂಗಳು ಕಡಿಮೆಯಾಗುವ ಹೊತ್ತಿಗೆ ಆಸರೆಯಾಗುತ್ತವೆ. ಕರಾವಳಿ-ಮಲೆನಾಡಿನವರಿಗೆ ಕೇಪಳ ಚಿರಪರಿಚಿತ. ಅದರ ಕೆಂಪು ಹೂವಿನ ನೀಳ ನಾಳದಿಂದ ದೊಡ್ಡ ಚಿಟ್ಟೆಗಳು ಮಧುವನ್ನು ಹೀರುತ್ತವೆ. ಈಶ್ವರಿ ಬಳ್ಳಿಯ ಎಲೆಯನ್ನುಂಡು ಬೆಳೆಯುವ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯೇ ನಮ್ಮ ರಾಜ್ಯದ ಚಿಟ್ಟೆ. ಆದರೆ ಈ ಬಳ್ಳಿಯನ್ನು ಔಷಧವೆಂದು ಯಾರೂ ಸೇವಿಸಬಾರದು. ಅದರಲ್ಲಿರುವ ವಿಷಾಂಶ ಮೂತ್ರಪಿಂಡಕ್ಕೆ ಕೇಡು ಮಾಡುತ್ತದೆ. ಇವುಗಳ ಸಂಗಡ, ಬಿಸಿಲು ತುಸು ಹೆಚ್ಚಿರುವ ಅಂಚಿನಲ್ಲಿ ಶಿವನಿಗೆ ಪ್ರಿಯವೆಂದು ನಾವು ನಂಬಿದ ತುಂಬೆಗೂ ಎಡೆಯಿರಲಿ. ಅದು ಒಂದೇ ವರ್ಷದ ಗಿಡವಾದರೂ ಬಿದ್ದ ಬೀಜದಿಂದ ತಾನೇ ಮರಳಿ ಹುಟ್ಟುತ್ತದೆ.

ನೆಡುವ ಕೆಲಸಕ್ಕೆ ಮುಂಗಾರಿನ ಆರಂಭವೇ ಸಕಾಲ. ಒಂದಡಿ ಆಳದ ಗುಣಿ ತೆಗೆದು, ಮೇಲ್ಮಣ್ಣಿಗೆ ಒಂದೆರಡು ಬೊಗಸೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದರೆ ಸಾಕು. ಗಿಡದಿಂದ ಗಿಡಕ್ಕೆ ಎರಡು-ಮೂರು ಅಡಿ ಅಂತರವಿರಲಿ. ಆಡುಸೋಗೆಯನ್ನು ಮೂರು-ನಾಲ್ಕು ಗೆಣ್ಣುಗಳುಳ್ಳ ಬಲಿತ ಕಡ್ಡಿಯಿಂದಲೇ ಬೆಳೆಸಬಹುದು. ಒಂದೊಂದು ಜಾತಿಯ ನಾಲ್ಕಾರು ಗಿಡಗಳನ್ನು ಒಟ್ಟಾಗಿ ನೆಟ್ಟರೆ ಜೇನುನೊಣಕ್ಕೆ ಅಲೆದಾಟ ತಪ್ಪುತ್ತದೆ. ಮೊದಲ ಬೇಸಿಗೆಯಲ್ಲಿ ನೀರುಣಿಸಬೇಕು. ಮುಂದೆ ಅಷ್ಟು ಆರೈಕೆ ಬೇಡುವುದಿಲ್ಲ. ಉದುರಿದ ತರಗೆಲೆಗಳನ್ನು ಸುಡದೆ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಅಂಗೈಯಗಲದ ಒಂದೆರಡು ಕಡೆ ಮಾತ್ರ ನೆಲವನ್ನು ಬರಿದಾಗಿ ಬಿಡಬೇಕು, ಏಕೆಂದರೆ ಒಂಟಿ ಜೇನುನೊಣಗಳಲ್ಲಿ ಹಲವು ಮಣ್ಣಿನಲ್ಲೇ ಗೂಡು ತೋಡುತ್ತವೆ. ಹೂಬಿಟ್ಟ ಗಿಡಕ್ಕೆ ಕೀಟನಾಶಕದ ಸಿಂಪಡಣೆ ಸರ್ವಥಾ ಸಲ್ಲದು.

ಇಲ್ಲಿ ನಮ್ಮ ಆಚಾರಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಹೇಳಬೇಕಾಗಿದೆ. ಮೊದಲನೆಯದು ಪತ್ರೆಯ ವಿಚಾರ. ಪೂಜೆಗೆ ಸಲ್ಲದಂತೆ ಬಿಲ್ವದ ಎಳೆ ಚಿಗುರನ್ನು ಕಡಿದುಹಾಕುವ ಹುಳುವನ್ನು ಕಂಡು ನಾವು ಬೇಸರಿಸುತ್ತೇವೆ. ಆದರೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಆ ಹುಳುವೇ ಮುಂದೆ ನಿಂಬೆಯ ಚಿಟ್ಟೆಯಾಗಿ ಹೂವಿಂದ ಹೂವಿಗೆ ಹಾರುತ್ತದೆ. ಅದಕ್ಕಾಗಿ ಒಂದು ರೆಂಬೆಯನ್ನು ಬಿಟ್ಟುಕೊಟ್ಟರೆ ಬಿಲ್ವವೇನೂ ಬಡವಾಗದು.

ಎರಡನೆಯದು ಹೂ ಬಿಡಿಸುವ ರೀತಿ. ಬೆಳಕು ಹರಿಯುವ ಮುನ್ನವೇ ಗಿಡವನ್ನು ಬೋಳಿಸಿ ಬುಟ್ಟಿ ತುಂಬಿಕೊಳ್ಳುವುದು ಭಕ್ತಿಯ ಹೆಚ್ಚಳವೆಂದು ಕೆಲವರು ಭಾವಿಸಿದ್ದಾರೆ. ಹೂ ಕಡಿಮೆಯಾದರೆ ಪೂಜೆಗೆ ಕೊರತೆಯಾಗದೇ ಎಂಬ ಹಿರಿಯರ ಅಳುಕೂ ಸಹಜವೇ. ಆದರೆ ಲಿಂಗಾರ್ಚನೆಯಲ್ಲಿ ಎಣಿಕೆಗೆ ಬರುವುದು ಅರ್ಪಿಸುವವರ ಭಾವವೇ ಹೊರತು ಬುಟ್ಟಿಯ ತೂಕವಲ್ಲ. ಅರ್ಧ ಹೂವನ್ನು ಪೂಜೆಗೆ ತಂದು, ಇನ್ನರ್ಧವನ್ನು ಗಿಡದಲ್ಲೇ ಉಳಿಸುವ ನಿಯಮವನ್ನು ಪ್ರತಿಯೊಂದು ಮನೆಯೂ ಪಾಲಿಸಬಹುದು.

12ನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಬೋಧಿಸಿದರು. ದಾಸೋಹವೆಂದರೆ ‘ನಾನು ನೀಡಿದೆ’ ಎಂಬ ಹಮ್ಮಿನ ದಾನವಲ್ಲ. ಪಡೆದುದನ್ನು ವಿನಯದಿಂದ ಹಂಚಿಕೊಳ್ಳುವುದು. ದಿನವಿಡೀ ದುಡಿದು ನಮ್ಮ ಊಟದೆಲೆಗೆ ಕಾಯಿಪಲ್ಯವನ್ನು ಒದಗಿಸುವ ದುಂಬಿ ನಮ್ಮಿಂದ ಕೂಲಿಯನ್ನು ಕೇಳುವುದಿಲ್ಲ. ಈ ಮುಂಗಾರಿನಲ್ಲಿ ಹಿತ್ತಲಿನ ನೆರಳಿನ ಮೂಲೆಯೊಂದನ್ನು ಅದರ ಪಾಲಿಗೆ ಬಿಟ್ಟುಕೊಡುವುದು ನಮ್ಮೆಲ್ಲರಿಗೂ ಸಾಧ್ಯವಾದ ಸೇವೆ. ಮಕ್ಕಳ ಕೈಯಿಂದಲೇ ಮೊದಲ ಸಸಿಯನ್ನು ನೆಡಿಸೋಣ.